ವೆರೋನಾದ ಗೋರಿ, ಕಲ್ಯಾಣದ ಹಂದರ

ಯುವ ಚಿಂತನ

ಪ್ರೇಮದ ಕಥೆಗಳಿಗೆ ಜಗತ್ತಿನ ಸಾಹಿತ್ಯದಲ್ಲಿ ಬರವಿಲ್ಲ. ಆದರೆ ಸುಖವಾಗಿ ಮುಗಿದ ನೂರು ಕಥೆಗಳನ್ನು ಮರೆಯುವ ಮನಸ್ಸು, ದುಃಖದಲ್ಲಿ ಕೊನೆಗೊಂಡ ಒಂದೇ ಒಂದು ಕಥೆಯನ್ನು ಶತಮಾನಗಳ ಕಾಲ ಎದೆಯಲ್ಲಿಟ್ಟು ಕಾಪಾಡುತ್ತದೆ. ಸುಮಾರು 1595ರಲ್ಲಿ ರಚಿತವಾಗಿ 1597ರಲ್ಲಿ ಮೊದಲು ಅಚ್ಚಾದ ಷೇಕ್ಸ್‌ಪಿಯರ್ ಮಹಾಕವಿಯ ‘ರೋಮಿಯೋ ಮತ್ತು ಜೂಲಿಯೆಟ್’ ಅಂಥದೊಂದು ನಾಟಕ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ‘ಇದು ವಿಧಿಯ ಆಟ’ ಎಂದು ಬರೆದು ಮುಗಿಸಬಹುದು. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನ ನನ್ನಂಥ ವಿದ್ಯಾರ್ಥಿಗೆ ಮಾತ್ರ ಅದನ್ನು ಓದುತ್ತ ಹೋದಂತೆ ವಿಧಿಗಿಂತ ಮನುಷ್ಯರೇ ಹೆಚ್ಚಾಗಿ ಕಾಣುತ್ತಾರೆ.

ಕಥೆ ಎಲ್ಲರಿಗೂ ತಿಳಿದದ್ದೇ. ವೆರೋನಾ ನಗರದ ಎರಡು ಮನೆತನಗಳ ನಡುವೆ ತಲೆಮಾರುಗಳ ಹಗೆ. ಒಂದು ಮನೆಯ ಹುಡುಗ, ಇನ್ನೊಂದು ಮನೆಯ ಹುಡುಗಿ ಔತಣದ ರಾತ್ರಿ ಪರಸ್ಪರ ಒಲಿಯುತ್ತಾರೆ, ಮರುದಿನವೇ ಗುಟ್ಟಾಗಿ ಮದುವೆಯಾಗುತ್ತಾರೆ. ಅದೇ ದಿನ ಬೀದಿಯ ಕತ್ತಿವರಸೆಯಲ್ಲಿ ಎರಡು ಹೆಣ ಬೀಳುತ್ತವೆ, ಹುಡುಗನಿಗೆ ಗಡೀಪಾರು ಆಗುತ್ತದೆ. ಪಾದ್ರಿ ಲಾರೆನ್ಸ್ ಹೂಡಿದ ಉಪಾಯವನ್ನು ತಿಳಿಸುವ ಪತ್ರ ಪ್ಲೇಗಿನ ಭಯದಿಂದಾಗಿ ದಾರಿಯಲ್ಲೇ ತಡೆದುನಿಲ್ಲುತ್ತದೆ. ರವಿವಾರ ಆರಂಭವಾದ ಕಥೆ ಗುರುವಾರದ ನಸುಕಿಗೆ ಗೋರಿಯಲ್ಲಿ ಮುಗಿಯುತ್ತದೆ.

ಈ ನಾಟಕದಲ್ಲಿ ನನ್ನನ್ನು ಬಹುವಾಗಿ ಕಾಡಿದವನು ರೋಮಿಯೋ ಅಲ್ಲ, ಜೂಲಿಯೆಟ್ಟಳ ತಂದೆ ಕ್ಯಾಪುಲೆಟ್. ಆತ ಕ್ರೂರಿಯಾಗಿ ರಂಗಕ್ಕೆ ಬರುವುದಿಲ್ಲ. ಮಗಳನ್ನು ಬೇಡಿ ಬಂದ ವರನಿಗೆ, ಇನ್ನೂ ಹದಿನಾಲ್ಕು ತುಂಬದ ಕೂಸು, ಎರಡು ವರುಷ ತಡೆಯಿರಿ, ಅವಳ ಒಪ್ಪಿಗೆಯೂ ಮುಖ್ಯ ಎಂಬ ಅರ್ಥದ ಮಾತನ್ನೇ ಹೇಳುತ್ತಾನೆ. ಔತಣದಲ್ಲಿ ಹಗೆಯ ಮನೆಯ ಹುಡುಗ ಬಂದಿರುವುದು ತಿಳಿದಾಗಲೂ, ಅವನ ಮೇಲೆ ಏರಿಹೋಗಲಿದ್ದ ಟಿಬಾಲ್ಟನನ್ನು ಗದರಿಸಿ ನಿಲ್ಲಿಸುತ್ತಾನೆ. ಆ ಹುಡುಗ ಸುಶೀಲನೆಂದು ಊರೇ ಹೇಳುತ್ತದೆ ಎಂದು ಮೆಚ್ಚಿಕೊಳ್ಳುತ್ತಾನೆ! ಅಂದರೆ ಅಳಿಯನಾಗಬಹುದಾಗಿದ್ದ ಹುಡುಗನ ಗುಣವನ್ನು ತಂದೆ ಮೊದಲ ರಾತ್ರಿಯೇ ಬಲ್ಲ. ಆದರೆ ಆ ಒಳ್ಳೆಯ ಮಾತು ಮಗಳ ಕಿವಿಗೆ ಬೀಳಲಿಲ್ಲ, ಮಗಳ ಮನಸ್ಸು ತಂದೆಗೆ ತಿಳಿಯಲಿಲ್ಲ.

ಎರಡೇ ದಿನಗಳಲ್ಲಿ ಅದೇ ತಂದೆ ಬೇರೊಬ್ಬನಾಗುತ್ತಾನೆ. ತಾನು ಗೊತ್ತುಮಾಡಿದ ಮದುವೆಗೆ ಮಗಳು ಒಲ್ಲೆನೆಂದ ಕೂಡಲೇ, ಬೀದಿಯಲ್ಲಿ ಬೇಡಿಕೊಂಡು ಸಾಯಿ ಎಂಬಷ್ಟು ಕಠೋರನಾಗುತ್ತಾನೆ. ಮಗಳು ತಾಯಿಯ ಮೊರೆಹೊಕ್ಕರೆ ತಾಯಿ ಮುಖ ತಿರುಗಿಸುತ್ತಾಳೆ. ಹಾಲೂಡಿಸಿ ಬೆಳೆಸಿದ ದಾದಿಯೂ ಹಿಂದಿನದನ್ನು ಮರೆತು ಈ ವರನನ್ನೇ ಕಟ್ಟಿಕೊ ಎನ್ನುತ್ತಾಳೆ. ಒಂದೇ ಗಳಿಗೆಯಲ್ಲಿ ಮನೆಯ ಮೂರು ಬಾಗಿಲುಗಳು ಮುಚ್ಚಿದ ಮೇಲೆ ಆ ಬಾಲೆಗೆ ಉಳಿದದ್ದು ಔಷಧದ ಸೀಸೆಯೊಂದೇ. ವಿಷ ಆಮೇಲಿನದು; ಅವಳ ಸಾವು ಆರಂಭವಾದದ್ದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ಹಾಗೆಂದು ಕಿರಿಯರು ನಿರ್ದೋಷಿಗಳೆಂದು ಹೇಳುತ್ತಿಲ್ಲ. ಷೇಕ್ಸ್‌ಪಿಯರನಿಗೆ ಆಧಾರವಾದ ಆರ್ಥರ್ ಬ್ರೂಕನ 1562ರ ಕಾವ್ಯವು ತನ್ನ ಮುನ್ನುಡಿಯಲ್ಲಿ ಹಿರಿಯರ ಮಾತು ಮೀರಿದ ಪ್ರೇಮಿಗಳನ್ನೇ ದೂಷಿಸಿತ್ತು. ಷೇಕ್ಸ್‌ಪಿಯರ್ ಆ ದೂಷಣೆಯನ್ನು ಕೈಬಿಟ್ಟು, ತಿಂಗಳುಗಟ್ಟಲೆ ನಡೆದ ಕಥೆಯನ್ನು ಐದು ದಿನಗಳಿಗೆ ಇಳಿಸಿದ. ಇದರಿಂದ ಅವಸರವೇ ನಾಟಕದ ಒಂದು ಪಾತ್ರವಾಯಿತು. ಪ್ರೇಮಿಗಳಿಗೆ ಅವಸರ, ತಂದೆಗೆ ಅವಸರ, ಕತ್ತಿ ಹಿರಿದವರಿಗಂತೂ ಹೇಳತೀರದ ಅವಸರ. ಗೋರಿಯಲ್ಲಿ ರೋಮಿಯೋ ಇನ್ನು ಸ್ವಲ್ಪ ಹೊತ್ತು ಕಾದಿದ್ದರೆ ಜೂಲಿಯೆಟ್ ಕಣ್ಣು ತೆರೆಯುತ್ತಿದ್ದಳು.

ಕನ್ನಡಿಗರಿಗೆ ಈ ಕಥೆ ಹೊಸತಲ್ಲ. 1889ರಷ್ಟು ಹಿಂದೆಯೇ ಆನಂದರಾಯರು ಇದನ್ನು ‘ರಾಮವರ್ಮ ಲೀಲಾವತಿ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ರೂಪಾಂತರಿಸಿದರು. ಅಲ್ಲಿ ಮಡಿದ ಪ್ರೇಮಿಗಳು ದೈವಕೃಪೆಯಿಂದ ಮರಳಿ ಜೀವ ಪಡೆಯುತ್ತಾರೆ, ದುರಂತ ಸುಖಾಂತವಾಗುತ್ತದೆ. ನಾಟಕ ಮಂಗಳದಲ್ಲಿ ಮುಗಿಯಬೇಕೆಂಬ ನಮ್ಮ ರಂಗಸಂಪ್ರದಾಯಕ್ಕೆ ಅದು ಒಪ್ಪುವಂತಿತ್ತು. ಎಳೆಯ ಜೀವಗಳ ಸಾವನ್ನು ಸಹಿಸಲಾರದ ಆ ಮಮತೆಗೆ ನಮಸ್ಕರಿಸಬೇಕು. ಆದರೆ ರಂಗದ ಮೇಲೆ ಇಳಿದು ಬರುವ ದೈವ ಊರಿನ ಓಣಿಯಲ್ಲಿ ಇಳಿದು ಬರುವುದಿಲ್ಲ.

ಇದಕ್ಕೆ ನಮ್ಮ ಕಲ್ಯಾಣವೇ ಸಾಕ್ಷಿ. ಸಮಗಾರ ಕಾಯಕದ ಹರಳಯ್ಯನವರ ಮಗನಿಗೂ, ಬ್ರಾಹ್ಮಣ ಮನೆತನದಿಂದ ಬಂದ ಮಂತ್ರಿ ಮಧುವರಸರ ಮಗಳಿಗೂ ಹನ್ನೆರಡನೆಯ ಶತಮಾನದಲ್ಲಿ ಮದುವೆಯಾಯಿತೆಂದು ಶರಣ ಪರಂಪರೆ ನೆನೆಯುತ್ತದೆ. ವೆರೋನಾದಲ್ಲಿ ಹಿರಿಯರ ಕಣ್ಣು ತಪ್ಪಿಸಿ ಮದುವೆ ನಡೆದರೆ, ಇಲ್ಲಿ ಹಿರಿಯರೇ ಮುಂದೆ ನಿಂತು ಹಂದರ ಹಾಕಿದರು. ಅಲ್ಲಿ ಎರಡು ಮನೆತನಗಳೂ ಅಂತಸ್ತಿನಲ್ಲಿ ಸಮ, ಅಡ್ಡವಾದದ್ದು ಹಗೆ; ಇಲ್ಲಿ ಎರಡು ಮನೆಗಳೂ ಪ್ರೀತಿಯಲ್ಲಿ ಒಂದು, ಅಡ್ಡವಾದದ್ದು ಜಾತಿ. ಬಿಜ್ಜಳನ ಪ್ರಭುತ್ವ ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟಿತು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಪಿ. ಲಂಕೇಶರು ‘ಸಂಕ್ರಾಂತಿ’ಯಲ್ಲಿ (1971), ಗಿರೀಶ ಕಾರ್ನಾಡರು ‘ತಲೆದಂಡ’ದಲ್ಲಿ (1990) ಈ ಕಾಲವನ್ನು ಮತ್ತೆ ಶೋಧಿಸಿದ್ದಾರೆ. ಕಾರ್ನಾಡರ ಬಸವಣ್ಣ ಈ ಮದುವೆಯ ಸುದ್ದಿ ಕೇಳಿ ಮೊದಲು ಅಳುಕುತ್ತಾನೆ. ಸಮಾಜ ಇದನ್ನು ತಾಳಿಕೊಂಡೀತೇ ಎಂಬ ಆ ಅಳುಕು ಇಂದಿಗೂ ಹಳೆಯದಾಗಿಲ್ಲ. ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ನಾವು ಹರಳಯ್ಯ ಮಧುವರಸರನ್ನು ಭಕ್ತಿಯಿಂದ ನೆನೆಯುತ್ತೇವೆ. ಆ ವಧೂವರರ ಎದೆಯಲ್ಲಿ ಏನಿತ್ತೆಂದು ಕೇಳುವವರು ವಿರಳ.

ದುರಂತ ದೂರದ್ದೆಂದು ಸಮಾಧಾನಪಡುವಂತಿಲ್ಲ. ನಮ್ಮ ನೆರೆಯ ಸಿಂಧನೂರಿನಲ್ಲಿ, ಹೆಣ್ಣಿನ ಮನೆಯವರಿಗೆ ಒಪ್ಪಿಗೆಯಿಲ್ಲದ ಪ್ರೇಮವಿವಾಹದ ದ್ವೇಷಕ್ಕೆ 2020ರ ಜುಲೈಯಲ್ಲಿ ಹುಡುಗನ ಮನೆಯ ಹಲವರು ಹಾಡಹಗಲೇ ಬಲಿಯಾದರು. 2025ರ ಏಪ್ರಿಲ್‌ನಲ್ಲಿ ಅಲ್ಲಿಯ ನ್ಯಾಯಾಲಯ ಮೂವರಿಗೆ ಮರಣದಂಡನೆಯನ್ನೂ ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ಒಂದು ಮನೆ ಸ್ಮಶಾನಕ್ಕೆ ಹೋಯಿತು, ಇನ್ನೊಂದು ಮನೆ ಸೆರೆಮನೆಗೆ ಹೋಯಿತು. ಉಳಿಸಿಕೊಳ್ಳಲು ಹೊರಟ ಮರ್ಯಾದೆ ಯಾವ ಮನೆಯಲ್ಲಿ ಉಳಿಯಿತು? ವಯಸ್ಕರಾದ ಇಬ್ಬರು ಒಪ್ಪಿ ಮದುವೆಯಾಗಲು ಕುಟುಂಬದ ಅಥವಾ ಸಮುದಾಯದ ಸಮ್ಮತಿ ಕಡ್ಡಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿಯೇ ಸ್ಪಷ್ಟಪಡಿಸಿದೆ. ಆದರೆ ಕಾನೂನು ಪೆಟ್ಟು ಬಿದ್ದ ಮೇಲೆ ಬರುತ್ತದೆ. ಪೆಟ್ಟು ಬೀಳದಂತೆ ತಡೆಯಬಲ್ಲವರು ಮನೆಯ ಹಿರಿಯರು ಮಾತ್ರ.

ಗೆಳೆಯ ಗೆಳತಿಯರೇ, ಹದಿನೆಂಟು ಇಪ್ಪತ್ತೊಂದು ವರುಷಗಳ ವಯಸ್ಸು ಕಾನೂನಿನ ಲೆಕ್ಕ. ವಿದ್ಯೆ, ದುಡಿಮೆ, ತಾಳ್ಮೆ ಬಾಳಿನ ಲೆಕ್ಕ. ನಿಮ್ಮ ಒಲವು ನಿಜವಾಗಿದ್ದರೆ ಅದು ಎರಡು ವರುಷ ಕಾಯಲು ಹೆದರುವುದಿಲ್ಲ. ಒಲವಿಗಾಗಿ ಪ್ರಾಣ ಬಿಡುವುದು ದೊಡ್ಡಸ್ತಿಕೆಯಲ್ಲ, ಅದರೊಡನೆ ಬಾಳುವುದೇ ಹೆಚ್ಚಿನದು. ತಂದೆತಾಯಿಗಳಲ್ಲಿ ನನ್ನ ವಿನಂತಿಯೂ ಇಷ್ಟೇ. ಮಕ್ಕಳ ಮಾತು ಹಿಡಿಸದಿದ್ದರೆ ಬೈಯಿರಿ, ವಾದಿಸಿರಿ, ಹುಡುಗನ ನಡತೆ ವಿಚಾರಿಸಿರಿ. ಮಾತನ್ನು ಮಾತ್ರ ನಿಲ್ಲಿಸಬೇಡಿರಿ. ವೆರೋನಾದ ಇಬ್ಬರು ತಂದೆಯರು ಮಕ್ಕಳ ಹೆಣಗಳ ಮುಂದೆ ಕೈ ಕೈ ಹಿಡಿದು, ಚಿನ್ನದ ಪ್ರತಿಮೆ ನಿಲ್ಲಿಸುವೆವೆಂದು ಪರಸ್ಪರ ಮಾತು ಕೊಡುತ್ತಾರೆ. ಆ ಕೈಗಳು ಮದುವೆಯ ಹಂದರದಲ್ಲಿ ಕೂಡಿದ್ದರೆ ಪ್ರತಿಮೆಯ ಖರ್ಚೂ ಉಳಿಯುತ್ತಿತ್ತು, ಎರಡು ಮನೆಗಳ ದೀಪಗಳೂ ಉಳಿಯುತ್ತಿದ್ದವು.