ಗಾಡಿ ಹೋದರೂ ಹೊಣೆ ಹೋಗದು

ಬಡವನೊಬ್ಬ ತನ್ನ ಗಾಡಿಯನ್ನು ಮಾರಿದ ದಿನವೇ ಅದರ ಮೇಲಿನ ಹಕ್ಕು ಅವನ ಕೈಬಿಡುತ್ತದೆ. ಅದರ ಹೊಣೆ ಮಾತ್ರ ವರ್ಷಗಟ್ಟಲೆ ಅವನ ಕೊರಳಲ್ಲಿ ನೇತಾಡುತ್ತಿರುತ್ತದೆ. ಇದೆಲ್ಲ ದಲ್ಲಾಳಿಗಳ ಮೋಸವೆಂದು ನಮ್ಮ ಓದುಗರಲ್ಲಿ ಅನೇಕರು ತಿಳಿದಿದ್ದಾರೆ. ದಲ್ಲಾಳಿ ಮೋಸಗಾರನೇ ಸರಿ. ಆದರೆ ಅವನು ನುಗ್ಗುವ ಬಾಗಿಲನ್ನು ತೆರೆದಿಟ್ಟಿರುವುದು ಸರಕಾರದ ಕಾಯಿದೆ. ಕಣ್ಣೆದುರು ತೆರೆದಿರುವ ಆ ಬಾಗಿಲನ್ನು ಮುಚ್ಚದೆ ಕುಳಿತಿರುವುದು ಸಾರಿಗೆ ಇಲಾಖೆ.

ಮಾರಾಟ ನಡೆಯುವ ಬಗೆ ಎಲ್ಲರಿಗೂ ಗೊತ್ತಿದ್ದದ್ದೇ. ಮಗಳ ಕಾಲೇಜಿನ ಫೀಜಿಗೋ, ಮನೆಯಲ್ಲಿ ಮಲಗಿದವರ ಔಷಧಿಗೋ ತುರ್ತಾಗಿ ಹಣ ಬೇಕಾಗುತ್ತದೆ. ಗಿರಣಿಯ ಕೆಲಸಗಾರನಾಗಲಿ, ಸಂತೆಯಲ್ಲಿ ಸೊಪ್ಪು ಮಾರುವವನಾಗಲಿ ತನ್ನ ಟಿವಿಎಸ್ ಎಕ್ಸೆಲ್ ಅನ್ನು ಹಳೆಯ ಗಾಡಿಗಳ ಕನ್ಸಲ್ಟೆನ್ಸಿ ಅಂಗಡಿಯ ಮುಂದೆ ತಂದು ನಿಲ್ಲಿಸುತ್ತಾನೆ. ಅಂಗಡಿಯವನು ಟಯರನ್ನು ಒದ್ದು ನೋಡಿ, ಇಂಜಿನ್ನಿಗೆ ಒಂದು ಹೆಸರಿಟ್ಟು, ಬೆಲೆ ಇಳಿಸಿ, ನೋಟು ಎಣಿಸಿ ಕೊಡುತ್ತಾನೆ. ಬಳಿಕ ಎರಡು ಕಾಗದ ಮುಂದಿಡುತ್ತಾನೆ: "ಯಣ್ಣಾ, ಇಲ್ಲೊಂದು ಸಹಿ, ಅಲ್ಲೊಂದು ಸಹಿ ಹಾಕು. ಮುಂದಿಂದೆಲ್ಲ ನಾನು ನೋಡ್ಕೊಂತೀನಿ." ಆ ಕಾಗದಗಳಲ್ಲಿ ಕೊಳ್ಳುವವನ ಹೆಸರಿಲ್ಲ, ತಾರೀಖಿಲ್ಲ. ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಅಚ್ಚಾದವು. ಇಂಗ್ಲಿಷಿನ ಆಡಳಿತವೆಂದರೆ ಸಾಮಾನ್ಯ ಜನರನ್ನು ಆಡಳಿತದಿಂದ ಹೊರಗಿಡುವ ಉಪಾಯವೆಂದು ಲೋಹಿಯಾರವರು ಜೀವಮಾನವೆಲ್ಲ ವಾದಿಸಿದರು. ಆ ಮಾತಿಗೆ ಪುರಾವೆ ಬೇಕಾದವರು ಈ ಅಂಗಡಿಗಳ ಮೇಜಿನ ಮೇಲೆ ನೋಡಬಹುದು. ತಾನು ಓದಲಾರದ ಕಾಗದಕ್ಕೆ ಸಹಿ ಹಾಕಿ, ಹಣ ಜೇಬಿಗಿಟ್ಟು, ಗಾಡಿಯ ಪೀಡೆ ಕಳೆಯಿತೆಂದು ಅವನು ಮನೆಗೆ ಹೋಗುತ್ತಾನೆ.

ಜನರ ಬಾಯಲ್ಲಿ ಇದಕ್ಕೆ 'ಓಪನ್ ಸಹಿ' ಎಂದು ಹೆಸರು. ಅಂಗಡಿಯವನಿಗೆ ಇದೇಕೆ ಬೇಕು? ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡರೆ ಶುಲ್ಕ ತೆರಬೇಕು, ಓಡಾಡಬೇಕು. ಅದಕ್ಕಿಂತ ಹೆಚ್ಚಾಗಿ, ಆರ್‌ಸಿಯಲ್ಲಿ ಮಾಲೀಕರ ಸಂಖ್ಯೆ ಒಂದು ಏರಿತೆಂದರೆ ಮಾರುಕಟ್ಟೆಯಲ್ಲಿ ಗಾಡಿಯ ಬೆಲೆ ಇಳಿಯುತ್ತದೆ. ಆದುದರಿಂದ ಖಾಲಿ ಕಾಗದ ಗಾಡಿಯೊಡನೆ ಕೈಯಿಂದ ಕೈಗೆ ಹೋಗುತ್ತದೆ. ಎರಡನೆಯವನು ಮೂರನೆಯವನಿಗೆ, ಮೂರನೆಯವನು ನಾಲ್ಕನೆಯವನಿಗೆ ಮಾರುತ್ತಾನೆ. ಲಾಭವನ್ನು ಒಬ್ಬೊಬ್ಬರೂ ಹಂಚಿಕೊಳ್ಳುತ್ತಾರೆ. ಅಪಾಯವನ್ನು ಮಾತ್ರ ಯಾರೂ ಹಂಚಿಕೊಳ್ಳುವುದಿಲ್ಲ, ಅದೆಲ್ಲವೂ ಮೊದಲು ಮಾರಿದವನ ಹೆಸರಿನಲ್ಲಿ ಜಮೆಯಾಗುತ್ತ ಹೋಗುತ್ತದೆ.

ಏಕೆಂದರೆ ೧೯೮೮ರ ಮೋಟಾರು ವಾಹನ ಕಾಯಿದೆಯ ೨ನೆಯ ಕಲಮಿನ ೩೦ನೆಯ ಉಪಕಲಮಿನ ಪ್ರಕಾರ ವಾಹನದ ಮಾಲೀಕನೆಂದರೆ ಯಾರ ಹೆಸರಿನಲ್ಲಿ ಅದು ನೋಂದಣಿಯಾಗಿದೆಯೋ ಅವನೇ. ಹಣ ಯಾರು ಕೊಟ್ಟರು, ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಅದು ಕೇಳುವುದಿಲ್ಲ. ಹೊಸಬನು ಸಿಗ್ನಲ್ ಹಾರಿದರೆ ದಂಡದ ಚಲನ್ನು ಹಳಬನ ಮೊಬೈಲಿಗೆ ಬರುತ್ತದೆ. ಹೊಸಬನು ಕಳ್ಳ ಮದ್ಯ ಸಾಗಿಸಿದರೆ ಪೊಲೀಸರು ಮೊದಲು ತಟ್ಟುವುದು ಹಳಬನ ಬಾಗಿಲು. ಹೊಸಬನು ಹದಿನೆಂಟು ತುಂಬದ ಮಗನ ಕೈಗೆ ಗಾಡಿ ಕೊಟ್ಟನೆನ್ನಿ: ೨೦೧೯ರ ತಿದ್ದುಪಡಿಯಲ್ಲಿ ಬಂದ ೧೯೯-ಎ ಕಲಮಿನಂತೆ ಹುಡುಗನ ಪೋಷಕ ಅಥವಾ ವಾಹನದ ಮಾಲೀಕ ಅಪರಾಧಿ, ಮೂರು ವರ್ಷದವರೆಗೆ ಸೆರೆವಾಸ, ಇಪ್ಪತ್ತೈದು ಸಾವಿರ ರೂಪಾಯಿ ದಂಡ. ಆ ಹುಡುಗನ ಮುಖವನ್ನೇ ಕಾಣದವನು ತಾನು ಮಾಲೀಕನಲ್ಲವೆಂದು ಕೋರ್ಟಿನಲ್ಲಿ ಅಂಗಲಾಚಬೇಕು.

ಇದಕ್ಕಿಂತ ಘೋರವಾದದ್ದು ಅಪಘಾತದ ಪರಿಹಾರ. ೨೦೧೮ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇಂಥದೇ ಮೊಕದ್ದಮೆಯೊಂದನ್ನು ತೀರ್ಮಾನಿಸಿತು. ೨೦೦೭ರಲ್ಲಿ ಮೊದಲು ಮಾರಾಟವಾದ ವಾಹನ ಹಲವು ಕೈಗಳನ್ನು ದಾಟಿತ್ತು. ರಿಜಿಸ್ಟರಿನಲ್ಲಿ ಹೆಸರು ಬದಲಾಗಿರಲಿಲ್ಲ. ೨೦೦೯ರಲ್ಲಿ ಅದು ಒಂದು ಮಗುವಿನ ಪ್ರಾಣ ತೆಗೆಯಿತು. ಪರಿಹಾರ ಕೊಡಬೇಕಾದವನು ರಿಜಿಸ್ಟರಿನಲ್ಲಿ ಹೆಸರಿರುವ ಮೊದಲ ಮಾಲೀಕನೇ ಎಂದು ಕೋರ್ಟು ಹೇಳಿತು. ಗಾಡಿ ಕೈಬಿಟ್ಟು ಎರಡು ವರ್ಷವಾಗಿತ್ತೆಂಬ ವಾದ ನಿಲ್ಲಲಿಲ್ಲ.

ನಾವು ಈ ತೀರ್ಪನ್ನು ಹಳಿಯಲಾರೆವು. ಸತ್ತ ಮಗುವಿನ ತಂದೆ ತಾಯಿ ಒಬ್ಬನಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ಮಾಲೀಕನನ್ನು ಹುಡುಕುತ್ತ ಅಲೆಯಬಾರದೆಂಬುದು ನ್ಯಾಯವಾದ ಮಾತು. ರಸ್ತೆಯಲ್ಲಿ ನಡೆದು ಹೋಗಿ ಗಾಡಿಗೆ ಸಿಕ್ಕುವವರೂ ನಮ್ಮ ಜನರೇ. ನಮ್ಮ ಜಗಳವಿರುವುದು ಬೇರೆ ಕಡೆ.

ವಿಮೆ ಇರುವುದಿಲ್ಲವೇ ಎಂದು ಕೆಲವರು ಕೇಳಿಯಾರು. ವಿಮೆ ಜೀವಂತವಾಗಿದ್ದರೆ ಸರಿ. ಗಾಡಿ ಕೈ ಬದಲಾದರೂ ಮೂರನೆಯವರಿಗೆ ಕೊಡುವ ಪರಿಹಾರದ ಮಟ್ಟಿಗೆ ಅದು ಗಾಡಿಯೊಡನೆ ಮುಂದುವರಿಯುತ್ತದೆ. ಕೊಂಡವನು ೧೪ ದಿನದೊಳಗೆ ವಿಮಾ ಕಂಪೆನಿಗೆ ತಿಳಿಸಿ ತನ್ನ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಆದರೆ ೨೦೧೮ರ ಸೆಪ್ಟೆಂಬರ್ ೧ರಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗ ಐದು ವರ್ಷದ ಮೂರನೆಯವರ ವಿಮೆ ಕಡ್ಡಾಯವಾಯಿತು. ಐದು ವರ್ಷ ಮುಗಿಯುವ ಹೊತ್ತು ಯಾವುದು? ಗಾಡಿ ಎರಡನೆಯ ಕೈಗೆ, ಮೂರನೆಯ ಕೈಗೆ ಹೋಗುವ ಹೊತ್ತು. ಹೊಸಬನು ವಿಮೆ ಕಟ್ಟದಿದ್ದರೆ, ಅಪಘಾತವಾದರೆ, ಲಕ್ಷಗಟ್ಟಲೆ ಪರಿಹಾರಕ್ಕೆ ಗಿರಣಿಯ ಕೆಲಸಗಾರನ ಮನೆಯೇ ಹೊಣೆ.

ಇನ್ನು ಕಾಯಿದೆ ಏನು ಮಾಡೆನ್ನುತ್ತದೆಂಬುದನ್ನು ಓದುಗರು ತಿಳಿದಿರಲಿ. ೫೦ನೆಯ ಕಲಮಿನಂತೆ ಮಾರಿದವನು ೧೪ ದಿನದೊಳಗೆ ೨೯ನೆಯ ನಮೂನೆಯಲ್ಲಿ ಪ್ರಾದೇಶಿಕ ಸಾರಿಗೆ ಕಛೇರಿಗೆ ತಿಳಿಸಬೇಕು, ಅದರ ಪ್ರತಿಯನ್ನು ಕೊಂಡವನಿಗೂ ಕೊಡಬೇಕು. ಕೊಂಡವನು ೩೦ ದಿನದೊಳಗೆ ೩೦ನೆಯ ನಮೂನೆ, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಚೀಟಿ, ವಿಳಾಸದ ಪುರಾವೆ, ಶುಲ್ಕ ಇವುಗಳೊಡನೆ ತನ್ನ ಊರಿನ ಕಛೇರಿಯಲ್ಲಿ ಅರ್ಜಿ ಹಾಕಬೇಕು. ೩೦ನೆಯ ನಮೂನೆಗೆ ಇಬ್ಬರ ಸಹಿಯೂ ಬೇಕು. ಬೇರೆ ರಾಜ್ಯಕ್ಕೆ ಹೋಗುವ ಗಾಡಿಗೆ ೨೮ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ಮಾಲೀಕ ತೀರಿಕೊಂಡಿದ್ದರೆ ಮನೆಯವರು ೩೦ ದಿನದೊಳಗೆ ಕಛೇರಿಗೆ ತಿಳಿಸಿ, ಮೂರು ತಿಂಗಳೊಳಗೆ ೩೧ನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕು. ಸತ್ತವನ ಹೆಸರಿನ ಗಾಡಿಯನ್ನು ಹಾಗೆಯೇ ಮಾರಿಬಿಡುವ ಪದ್ಧತಿ ನಮ್ಮಲ್ಲಿದೆ, ಅದು ವಿಧವೆಯನ್ನು ಕೋರ್ಟಿಗೆ ಎಳೆಯುವ ದಾರಿ.

ಸಾಲದ ಮೇಲೆ ಕೊಂಡ ಗಾಡಿಯಾದರೆ ಇನ್ನೊಂದು ಗಂಟು. ಆರ್‌ಸಿಯಲ್ಲಿ ಫೈನಾನ್ಸ್ ಕಂಪೆನಿಯ ಹೆಸರಿರುತ್ತದೆ; ೩೫ನೆಯ ನಮೂನೆಗೆ ಅವರ ಸಹಿಯಾಗದೆ ಅದು ಅಳಿಸದು. ಕಂತು ಒಂದು ದಿನ ತಡವಾದರೆ ದಂಡ ಹಾಕುವ ಮಂದಿ, ಕೊನೆಯ ಕಂತು ಕಟ್ಟಿದವನಿಗೆ ಒಂದು ಸಹಿ ಕೊಡಲು ಎಷ್ಟು ಸಲ ಅಲೆಸುತ್ತಾರೆಂಬುದನ್ನು ನಾವು ಬರೆಯಬೇಕಾಗಿಲ್ಲ.

ಈ ಕಾಯಿದೆಯ ಓರೆಯನ್ನು ಗಮನಿಸಿ. ತಿಳಿಸುವ ಕರ್ತವ್ಯ ಮಾರುವವನ ಮೇಲಿದೆ. ಆದರೆ ಅವನು ಕರ್ತವ್ಯವನ್ನು ಮಾಡಿ ಮುಗಿಸಿದರೂ ಹೆಸರು ಬದಲಾಗುವುದಿಲ್ಲ. ಅದು ಬದಲಾಗುವುದು ಕೊಂಡವನು ಅರ್ಜಿ ಹಾಕಿದಾಗ. ಎಂದರೆ ನಿಮ್ಮ ಬಿಡುಗಡೆಯ ಬೀಗದ ಕೈ ನಿಮ್ಮ ಕೈಯಲ್ಲಿಲ್ಲ, ಹೆಸರು ಬದಲಾಯಿಸಿಕೊಳ್ಳದೆ ಇರುವುದರಲ್ಲೇ ಲಾಭ ಕಾಣುವವನ ಕೈಯಲ್ಲಿದೆ! ಇದನ್ನು ಸರಿಪಡಿಸಲಾಗದೆಂದು ಅಧಿಕಾರಿಗಳು ಹೇಳುವಂತಿಲ್ಲ. ಏಕೆಂದರೆ ಇದೇ ಕೇಂದ್ರ ಸರಕಾರ ೨೦೨೨ರ ಡಿಸೆಂಬರಿನಲ್ಲಿ ನಿಯಮಗಳಿಗೆ ೫೫-ಎ ಮುಂತಾದವುಗಳನ್ನು ಸೇರಿಸಿ, ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ತಂದಿತು. ಅದರಂತೆ ಹಳೆಯ ಗಾಡಿಗಳ ವ್ಯಾಪಾರಿ ಸಾರಿಗೆ ಕಛೇರಿಯಿಂದ ಅಧಿಕಾರ ಪತ್ರ ಪಡೆಯಬೇಕು; ಅಂಥ ವ್ಯಾಪಾರಿಗೆ ಗಾಡಿ ಒಪ್ಪಿಸಿದ್ದನ್ನು ೨೯-ಸಿ ನಮೂನೆಯಲ್ಲಿ ತಿಳಿಸಿದರೆ ಅವನೇ ಮಾಲೀಕನೆಂದು ಭಾವಿಸಲಾಗುತ್ತದೆ, ಗಾಡಿಯ ಹೊಣೆಯೂ ಅವನದೇ. ಒಳ್ಳೆಯ ನಿಯಮ, ಒಪ್ಪುತ್ತೇವೆ. ಆದರೆ ನಿಮ್ಮ ಬೀದಿಯ ಕನ್ಸಲ್ಟೆನ್ಸಿ ಅಂಗಡಿಯ ಗೋಡೆಯ ಮೇಲೆ ಆ ಅಧಿಕಾರ ಪತ್ರವನ್ನು ಎಂದಾದರೂ ಕಂಡಿದ್ದೀರಾ? ಮತ್ತೊಂದು ಪ್ರಶ್ನೆ: ವ್ಯಾಪಾರಿಗೆ ಮಾರಿದವನನ್ನು ಒಂದು ಕಾಗದ ಬಿಡುಗಡೆ ಮಾಡಬಲ್ಲುದಾದರೆ, ಪಕ್ಕದ ಓಣಿಯ ಗಾರೆ ಕೆಲಸದವನಿಗೆ ಮಾರಿದವನನ್ನು ಅದೇ ಬಗೆಯ ಕಾಗದ ಏಕೆ ಬಿಡುಗಡೆ ಮಾಡಬಾರದು?

ಎಲ್ಲವೂ ಈಗ ಆನ್‌ಲೈನ್ ಎಂಬ ಉತ್ತರ ಸಿದ್ಧವಾಗಿದೆ. ೨೦೨೧ರ ಮಾರ್ಚಿನಲ್ಲಿ ಆಧಾರ್ ಮೂಲಕ ಕಛೇರಿಗೆ ಹೋಗದೆ ಪಡೆಯುವ ೧೮ ಸೇವೆಗಳನ್ನು ಕೇಂದ್ರ ಸಾರಿಗೆ ಮಂತ್ರಾಲಯ ಪ್ರಕಟಿಸಿತು, ಮಾಲೀಕತ್ವದ ವರ್ಗಾವಣೆಯೂ ಅದರಲ್ಲಿತ್ತು. ೨೦೨೨ರಲ್ಲಿ ಸೇವೆಗಳ ಸಂಖ್ಯೆ ೫೮ಕ್ಕೆ ಏರಿತು. ಓದು ಬರಹ ಬಲ್ಲ ನೌಕರನಿಗೆ ಇದರಿಂದ ಅನುಕೂಲವಾಗಿರಬಹುದು. ಹಮಾಲನು ಮಾತ್ರ ಮೊದಲು ಆಫೀಸಿನ ಮುಂದಿನ ದಲ್ಲಾಳಿಯ ಬಳಿ ನಿಲ್ಲುತ್ತಿದ್ದ, ಈಗ ಸೈಬರ್ ಸೆಂಟರಿನ ದಲ್ಲಾಳಿಯ ಬಳಿ ನಿಲ್ಲುತ್ತಾನೆ. ಗಾಡಿಯ ದಾಖಲೆಗೆ ಜೋಡಿಸಿದ ಮೊಬೈಲ್ ನಂಬರು ಆ ದಲ್ಲಾಳಿಯದೇ ಆಗಿಬಿಟ್ಟರೆ, ತನ್ನ ಗಾಡಿಯ ಮೇಲೆ ಏನು ನಡೆಯುತ್ತಿದೆಯೆಂಬ ಸುದ್ದಿಯೂ ಅವನಿಗೆ ಬಾರದು.

ಕಾಯಿದೆ ಬದಲಾಗುವವರೆಗೆ ನಾವೇನು ಮಾಡಬೇಕು? ಖಾಲಿ ನಮೂನೆಗೆ ಸಹಿ ಹಾಕಕೂಡದು. ಕೊಳ್ಳುವವನ ಹೆಸರು, ವಿಳಾಸ, ತಾರೀಖು ಬರೆದ ಮೇಲೆಯೇ ಸಹಿ. ಕೊಳ್ಳುವವನನ್ನು ಕರೆದುಕೊಂಡು ಹೋಗಿ ಎರಡೂ ನಮೂನೆಗಳನ್ನು ಒಟ್ಟಿಗೇ ಕೊಡುವುದು ಎಲ್ಲಕ್ಕಿಂತ ಉತ್ತಮ. ಅದಾಗದಿದ್ದರೆ ೨೯ನೆಯ ನಮೂನೆಯನ್ನು ನೀವೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಕಛೇರಿಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ಛಾಪಾ ಕಾಗದದ ಕರಾರು ಮಾಡಿಕೊಂಡಿದ್ದೇವೆಂದು ಧೈರ್ಯವಾಗಿರುವವರಿಗೆ ಒಂದು ಮಾತು: ಅದು ಮಾರಿದವನಿಗೂ ಕೊಂಡವನಿಗೂ ನಡುವಿನ ಕಾಗದ. ನಾಳೆ ನೀವು ತೆತ್ತ ಹಣವನ್ನು ಅವನಿಂದ ವಸೂಲು ಮಾಡಲು ನೆರವಾದೀತು. ಗಾಯಗೊಂಡವನು ನಿಮ್ಮ ಮೇಲೆ ಹೂಡುವ ದಾವೆಯನ್ನು ಅದು ತಡೆಯದು. ಹೆಸರು ಬದಲಾಗುವವರೆಗೆ ಒಂದಿಷ್ಟು ಹಣವನ್ನು ಹಿಡಿದಿಡುವ ಪದ್ಧತಿಯನ್ನು ನಾವೇ ತರಬಹುದು: ಕೊಳ್ಳುವವನು ಎರಡು ಸಾವಿರ ಹೆಚ್ಚಿಗೆ ಠೇವಣಿ ಇಡಲಿ, ಹೊಸ ಆರ್‌ಸಿ ತೋರಿಸಿ ವಾಪಸು ಪಡೆಯಲಿ. ಹೀಗೆ ಮಾಡಲು ಒಪ್ಪದವನ ಉದ್ದೇಶ ಆಗಲೇ ತಿಳಿದುಬಿಡುತ್ತದೆ.

ಸಾರಿಗೆ ಇಲಾಖೆಯ ಮುಂದೆ ನಾವು ಇಡುವ ಬೇಡಿಕೆಗಳು ಇವು. ಮಾರಿದವನು ಕೊಂಡವನ ಒಪ್ಪಿಗೆಯೊಡನೆ ೨೯ನೆಯ ನಮೂನೆ ಕೊಟ್ಟ ದಿನವೇ ರಿಜಿಸ್ಟರಿನಲ್ಲಿ ಕೊಂಡವನ ಹೆಸರು ಏರಬೇಕು. ಅಂದಿನಿಂದ ಹೊಣೆ ಅವನದಾಗಬೇಕು. ಇದಕ್ಕೆ ಕೇಂದ್ರದ ಕಾಯಿದೆಯನ್ನು ತಿದ್ದಬೇಕೆಂದು ರಾಜ್ಯ ಸರಕಾರ ಬರೆದು ಒತ್ತಾಯಿಸಬೇಕು. ಈಗಿರುವ ಕಾಯಿದೆಯಲ್ಲೇ ಆಗಬಹುದಾದದ್ದು ಇನ್ನೂ ಇದೆ: ನಮೂನೆಗಳೂ ಅವುಗಳ ಅರ್ಥವೂ ಪ್ರತಿಯೊಂದು ಕಛೇರಿಯಲ್ಲಿ ಕನ್ನಡದಲ್ಲಿ ಸಿಗಬೇಕು, ಅಧಿಕಾರ ಪತ್ರ ಪಡೆದ ವ್ಯಾಪಾರಿಗಳ ಪಟ್ಟಿಯನ್ನು ಕಛೇರಿಯ ಬಾಗಿಲಲ್ಲಿ ಅಂಟಿಸಬೇಕು, ಪತ್ರವಿಲ್ಲದೆ ಓಪನ್ ಸಹಿಯ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಮಾರುವ ಅಂಗಡಿಗಳ ಮೇಲೆ ಇನ್‌ಸ್ಪೆಕ್ಟರುಗಳು ಹೋಗಬೇಕು. ರಸ್ತೆಯಲ್ಲಿ ಹೆಲ್ಮೆಟ್ಟಿಲ್ಲದ ಸೊಪ್ಪಿನವನನ್ನು ಹಿಡಿಯಲು ಸಿಗುವ ಪುರುಸೊತ್ತು ಇದಕ್ಕೂ ಸಿಗಲಿ. ಒಂದು ತಿಂಗಳೊಳಗೆ ಪಟ್ಟಿ ಬಾಗಿಲಿಗೆ ಬಾರದಿದ್ದರೆ, ಗಾಡಿ ಮಾರಿ ಚಲನ್ನು ಪಡೆದವರೆಲ್ಲ ಆ ಚಲನ್ನುಗಳನ್ನೇ ಹಿಡಿದು ಕಛೇರಿಯ ಮುಂದೆ ಕೂರಬೇಕಾಗುತ್ತದೆ. ಅಂಥವರು ತಮ್ಮ ಚಲನ್ನಿನ ನಕಲನ್ನು, ಗಾಡಿ ಮಾರಿದ ತಾರೀಖಿನೊಡನೆ, ಈ ಪತ್ರಿಕೆಯ ಕಛೇರಿಗೆ ತಲಪಿಸಲಿ.