ಲೆಕ್ಕ ಕೇಳಲು ನಾಚಿಕೆಯೇಕೆ?

ಕಳೆದ ತಿಂಗಳು ನಮ್ಮ ಕೂಟದ ಗೆಳೆಯರೊಬ್ಬರು ತಮ್ಮ ಹಡಗಿನ ಪ್ರವಾಸವನ್ನು ಕುರಿತ ಪ್ರಬಂಧವನ್ನು ಓದಿದರು. ಶಿವಾಜಿನಗರದಲ್ಲಿ ನಾವು ಸೇರುವ ಕೋಣೆ ಚಿಕ್ಕದು. ಕಿಟಕಿ ತೆರೆದರೆ ರಸ್ತೆಯ ಗದ್ದಲ, ಮುಚ್ಚಿದರೆ ಸೆಕೆ. ಆದರೂ ಪ್ರಬಂಧ ಎಲ್ಲರನ್ನೂ ಹಿಡಿದು ಕೂರಿಸಿತು. ಮುಂಬಯಿಯ ದಡ ಹಿಂದೆ ಸರಿಯುವ ಸಂಜೆ, ಗೋವೆಯ ಹತ್ತಿರ ಕಂಡ ಸೂರ್ಯೋದಯ, ಹೊತ್ತು ಏರಿದಂತೆ ಬದಲಾಗುವ ನೀರಿನ ಬಣ್ಣ ಎಲ್ಲವೂ ಅದರಲ್ಲಿದ್ದವು. ಇದೇ ಶಿವಾಜಿನಗರದ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ವಿ. ಕೃ. ಗೋಕಾಕರು ಕಡಲ ಹಾದಿಯಲ್ಲಿ ಆಕ್ಸ್‌ಫರ್ಡಿಗೆ ಹೋಗಿಬಂದುದನ್ನೂ ‘ಸಮುದ್ರ ಗೀತೆಗಳು’ ಬರೆದುದನ್ನೂ ನೆನೆದು ಒಬ್ಬರು ಮೆಚ್ಚುಗೆಯ ಮಾತಾಡಿದರು. ಕಾಫಿ ಬಂದಾಗ, ಅದೇ ಹಡಗಿನಲ್ಲಿ ಜೊತೆಗಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: “ಎಲ್ಲಾ ಬರದೀರಿ. ಕಡೀ ರಾತ್ರಿ ಬಾಗಲಾ ಕೆಳಗ ಬಂದ ಬಿಲ್ಲಿನ ಸುದ್ದಿ ಒಂದ ಬಿಟ್ಟೀರಲ್ರಿ?”

ಕೋಣೆಯಲ್ಲಿ ನಗು ಎದ್ದಿತು. ಆದರೆ ಆ ನಗುವಿನಲ್ಲಿ ಅಳುಕೂ ಇತ್ತು. ಏಕೆಂದರೆ ಆ ಪ್ರವಾಸಕ್ಕೆ ನಮ್ಮಲ್ಲಿ ನಾಲ್ಕು ಕುಟುಂಬಗಳು ಹೋಗಿದ್ದವು, ನಾಲ್ಕೂ ಬಿಲ್ಲುಗಳಲ್ಲಿ ತಪ್ಪುಗಳಿದ್ದವು, ಕೌಂಟರಿಗೆ ಹೋಗಿ ಲೆಕ್ಕ ಕೇಳಿದವರು ಒಬ್ಬರೇ. ಪ್ರಶ್ನೆ ಎತ್ತಿದ ಹಿರಿಯರೇ ಅವರು. ಬ್ಯಾಂಕಿನಿಂದ ನಿವೃತ್ತರಾದವರು, ನಾವೆಲ್ಲ ಕಾಕಾ ಎಂದು ಕರೆಯುವವರು.

ನಡೆದದ್ದನ್ನು ಹೇಳುತ್ತೇವೆ. ಏಕಾದಶಿಯ ಉಪವಾಸ ತಪ್ಪಿಸದ ಅಧ್ಯಾಪಕ ದಂಪತಿಗಳ ಖಾತೆಯಲ್ಲಿ ಎರಡು ಪೆಗ್ ವಿಸ್ಕಿ ಬಿದ್ದಿತ್ತು. ಇನ್ನೊಂದು ಕುಟುಂಬಕ್ಕೆ ಒಂದೇ ಫೋಟೋದ ಬೆಲೆಯನ್ನು ಎರಡು ಬಾರಿ ಹಚ್ಚಲಾಗಿತ್ತು. ಕಾಕಾ ಅವರ ಖಾತೆಯಲ್ಲಿ ಅವರು ಕೇಳದೆ ಇದ್ದ ಇಂಟರ್‌ನೆಟ್ ಪ್ಯಾಕೇಜು ಇತ್ತು. ನಾಲ್ಕನೆಯವರ ಕಥೆ ಬೇರೆಯೇ. ಅದನ್ನು ಮುಂದೆ ಹೇಳುತ್ತೇವೆ. ಕಾಕಾ ಬೆಳಿಗ್ಗೆ ಎದ್ದು ಸರದಿಯಲ್ಲಿ ನಿಂತರು. ನಾವು? ಸಾಮಾನುಗಳ ಬಳಿ, ಅವರ ಪರಿಚಯವೇ ಇಲ್ಲದವರಂತೆ, ಸ್ವಲ್ಪ ದೂರದಲ್ಲಿ ನಿಂತೆವು. ಕೌಂಟರಿನ ಹುಡುಗಿ ಚೀಟಿಗಳನ್ನು ನೋಡಿ, ಕ್ಷಮೆ ಕೇಳಿ, ಹತ್ತು ನಿಮಿಷದೊಳಗೆ ಇಂಟರ್‌ನೆಟ್ಟಿನ ಹಣವನ್ನು ತೆಗೆದುಹಾಕಿದಳು. ಅಧ್ಯಾಪಕರ ಬಿಲ್ಲನ್ನೂ ಕಾಕಾ ಕೈಯಿಂದ ಕಸಿದು ತೋರಿಸಿದರು. ವಿಸ್ಕಿ ಕುಡಿದ ಕೋಣೆಯ ಸಂಖ್ಯೆ 7083, ನಮ್ಮವರದು 7038. ಬಾರಿನ ಗದ್ದಲದಲ್ಲಿ ಯಾರೋ ಹೇಳಿದ್ದನ್ನು ಯಾರೋ ಹಿಂದುಮುಂದಾಗಿ ಬರೆದುಕೊಂಡಿದ್ದರು, ಅಷ್ಟೆ. ಅಲ್ಲಿ ಕಳ್ಳರು ಯಾರೂ ಇರಲಿಲ್ಲ. ಆದರೆ ಕೇಳದೇ ಇದ್ದಿದ್ದರೆ ಆ ಹಣ ಹೋಗುತ್ತಿತ್ತು. ಫೋಟೋದ ಕುಟುಂಬ ಕೇಳಲಿಲ್ಲ. ಅವರ ಹಣ ಹೋಯಿತು.

ಹಡಗಿನ ಈ ಖಾತೆ ಹೇಗೆ ನಡೆಯುತ್ತದೆಂಬುದನ್ನು ಹೋಗದವರಿಗಾಗಿ ವಿವರಿಸಬೇಕು. ಹತ್ತುವಾಗಲೇ ಒಂದು ಕಾರ್ಡು ಕೊಡುತ್ತಾರೆ. ಅದೇ ಕೋಣೆಯ ಕೀಲಿ, ಅದೇ ಗುರುತಿನ ಚೀಟಿ, ಅದೇ ದುಡ್ಡಿನ ಚೀಲ. ಅದಕ್ಕೆ ನಮ್ಮ ಕ್ರೆಡಿಟ್ ಕಾರ್ಡನ್ನೋ ಮುಂಗಡ ಹಣವನ್ನೋ ಜೋಡಿಸುತ್ತಾರೆ. ಅಲ್ಲಿಂದ ಮುಂದೆ ಹಡಗಿನಲ್ಲಿ ನಗದು ಕಾಣಿಸಿಕೊಳ್ಳುವುದಿಲ್ಲ. ಟಿಕೆಟ್ಟಿನಲ್ಲಿ ಸೇರದ ಊಟ, ಪಾನೀಯ, ಫೋಟೋ, ಇಂಟರ್‌ನೆಟ್, ದಡದ ವಿಹಾರ ಎಲ್ಲವೂ ಆ ಕಾರ್ಡಿನ ಮೇಲೆ ಏರುತ್ತಾ ಹೋಗುತ್ತವೆ. ಅನೇಕ ಹಡಗುಗಳಲ್ಲಿ ಸಿಬ್ಬಂದಿಯ ಭಕ್ಷೀಸನ್ನೂ ತಲೆಗಿಷ್ಟು, ದಿನಕ್ಕಿಷ್ಟು ಎಂದು ತಾವೇ ಸೇರಿಸುತ್ತಾರೆ. ಪಾನೀಯದ ಚೀಟಿಯಲ್ಲಿ ಶೇಕಡಾವಾರು ಲೆಕ್ಕದಲ್ಲಿ ಮತ್ತೊಮ್ಮೆ ಸೇರಿಸಿ, ಅದರ ಕೆಳಗೆ ‘ಹೆಚ್ಚುವರಿ ಭಕ್ಷೀಸು’ ಎಂಬ ಖಾಲಿ ಗೆರೆಯನ್ನೂ ಬಿಡುತ್ತಾರೆ. ಅವಸರದಲ್ಲಿ ಸಹಿ ಹಾಕುವವನು ಒಂದೇ ಲೋಟಕ್ಕೆ ಎರಡು ಬಾರಿ ಭಕ್ಷೀಸು ಕೊಡುತ್ತಾನೆ. ಕೊನೆಯ ರಾತ್ರಿ, ಪೆಟ್ಟಿಗೆ ಕಟ್ಟಿ ಮಲಗಿದ ಮೇಲೆ, ಒಟ್ಟು ಲೆಕ್ಕ ಬರುತ್ತದೆ. ಬೆಳಿಗ್ಗೆ ಇಳಿಯುವ ಗಡಿಬಿಡಿ. ಕೌಂಟರಿನ ಮುಂದೆ ಉದ್ದ ಸಾಲು. ಲೆಕ್ಕ ನೋಡುವುದಕ್ಕೆ ಅತ್ಯಂತ ಅನನುಕೂಲವಾದ ಗಳಿಗೆಯಲ್ಲಿ ಲೆಕ್ಕ ಕೈಗೆ ಬರುತ್ತದೆ.

ಈ ಪದ್ಧತಿ ನಮ್ಮ ನಾಚಿಕೆಯ ಮೇಲೆ ನಿಂತಿದೆ ಎಂಬುದು ನಮ್ಮ ವಾದ. ಪುಣೆಯ ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಚೌಕದಲ್ಲಿ ಗುರುತು ಹಾಕಿ ಇಡುತ್ತೇವೆ. ಒಂದು ದಿನ ಅರ್ಧ ಲೀಟರು ಕಡಿಮೆ ಬಂದರೆ ತಿಂಗಳ ಕೊನೆಗೆ ಗೌಳಿಯನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತೇವೆ. ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಹೆಚ್ಚಾಯಿತೆಂದು ಮಂಡಿಯಲ್ಲಿ ಮಾತು ಬೆಳೆಸುತ್ತೇವೆ. ಅದೇ ನಾವು ಹವಾನಿಯಂತ್ರಿತ ಕೋಣೆಯಲ್ಲಿ, ಕೋಟು ತೊಟ್ಟವನ ಎದುರು, ಸಾವಿರಗಳ ಬಿಲ್ಲಿಗೆ ಓದದೆ ಸಹಿ ಹಾಕುತ್ತೇವೆ. ಬಡವನ ಎದುರು ಲೆಕ್ಕ ಕೇಳುವಾಗ ಇಲ್ಲದ ಸಂಕೋಚ ಸಿರಿವಂತನ ಎದುರು ಎಲ್ಲಿಂದ ಬರುತ್ತದೆ? ಇದನ್ನು ಔದಾರ್ಯವೆಂದು ಕರೆದುಕೊಳ್ಳುವವರು ಗೌಳಿಯ ಮುಂದೆಯೂ ಸ್ವಲ್ಪ ಔದಾರ್ಯ ತೋರಿಸಲಿ.

ನಮ್ಮ ಹಿಂದಿನವರಿಗೆ ಈ ನಾಚಿಕೆ ಇರಲಿಲ್ಲ, ಏಕೆಂದರೆ ಲೆಕ್ಕ ಬಯಲಲ್ಲಿ ನಡೆಯುತ್ತಿತ್ತು. ಉಡುಪಿ ಹೋಟೆಲಿನಲ್ಲಿ ತಿಂಡಿ ಮುಗಿಸಿ ಎದ್ದರೆ ಮಾಣಿ ನಮ್ಮ ಹಿಂದಿನಿಂದ ಗಲ್ಲೆಯವರೆಗೆ ಕೇಳುವಂತೆ ಮೊತ್ತವನ್ನು ಕೂಗಿ ಹೇಳುತ್ತಿದ್ದ. ತಿಂದವನಿಗೂ ಕೇಳಿಸಬೇಕು, ಯಜಮಾನನಿಗೂ ಕೇಳಿಸಬೇಕು, ತಪ್ಪಿದ್ದರೆ ಅಲ್ಲೇ ತಿದ್ದಬೇಕು. ಧಾರವಾಡ, ವಿಜಯಪುರಗಳ ಕಡೆಯಿಂದ ಓದಲು ಬಂದು ಇಲ್ಲಿಯ ಖಾನಾವಳಿಗಳಲ್ಲಿ ಉಂಡ ಹುಡುಗರು ‘ಖಾಡಾ’ ಎಂಬ ಮಾತನ್ನು ಮರೆತಿರಲಾರರು. ಊರಿಗೆ ಹೋಗುವ ಮುಂಚೆ ಹೇಳಿಟ್ಟರೆ, ಉಣ್ಣದ ಹೊತ್ತುಗಳ ಹಣವನ್ನು ತಿಂಗಳ ಬಾಬತ್ತಿನಿಂದ ಕಳೆಯುತ್ತಿದ್ದರು. ಖಾಡಾ ಎಷ್ಟೆಂದು ಕೇಳುವ ಹುಡುಗನನ್ನು ಖಾನಾವಳಿಯವರು ಜಿಪುಣನೆನ್ನಲಿಲ್ಲ. ಅದು ಅವರಿಬ್ಬರ ನಡುವಿನ ಕರಾರಿನ ಭಾಗವಾಗಿತ್ತು. ಗಾಂಧೀಜಿ ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬಸ್ಸಿನ ಬಾಡಿಗೆ, ಅಂಚೆಯ ಖರ್ಚುಗಳನ್ನೂ ಬರೆದಿಟ್ಟು ಮಲಗುವ ಮುನ್ನ ಲೆಕ್ಕ ಕೂಡಿಸುತ್ತಿದ್ದರೆಂದು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರನ್ನು ಸಣ್ಣ ಮನಸ್ಸಿನವರೆನ್ನಲು ಯಾರಿಗೆ ಧೈರ್ಯ?

ಆಕ್ಷೇಪಗಳು ನಮಗೆ ಗೊತ್ತು. ಕೂಟದಲ್ಲಿಯೇ ಅವು ಬಂದವು. ಮೊದಲನೆಯದು: ನಾಲ್ಕು ದಿನ ಸುಖವಾಗಿರಲು ಹೋದವರು ಚೀಟಿ ಎಣಿಸುತ್ತ ಕೂರಬೇಕೇ? ದಿನಕ್ಕೆ ಐದು ನಿಮಿಷ ಸಾಕು ಎಂಬುದು ನಮ್ಮ ಉತ್ತರ. ಬಂದ ಮೇಲೆ ಆರು ತಿಂಗಳು ಆ ಹಣದ ಕೊರಗನ್ನು ಹೊತ್ತು ತಿರುಗುವವರನ್ನು ಕಂಡಿದ್ದೇವೆ; ಅದಕ್ಕಿಂತ ಐದು ನಿಮಿಷದ ಬೇಸರ ಮೇಲು.

ಎರಡನೆಯದು ಹೆಚ್ಚು ಗೌರವಕ್ಕೆ ಅರ್ಹವಾದುದು: ಕೇಳಿದರೆ ಬಡ ನೌಕರನ ಸಂಬಳಕ್ಕೆ ಕುತ್ತು ಬಂದೀತು. ಹಡಗುಗಳಲ್ಲಿ ಗೋವೆಯವರೂ ಮಂಗಳೂರು-ಉಡುಪಿಯ ಕರಾವಳಿಯವರೂ ದುಡಿಯುತ್ತಾರೆ. ನಮ್ಮವರ ಮಕ್ಕಳೇ ಅವರು. ಆದರೆ ಬಿಲ್ಲನ್ನು ಓದದೆ ಕೊಟ್ಟ ಹಣ ಆ ಹುಡುಗನಿಗೆ ಸೇರುತ್ತದೆ ಎಂದು ನಮಗೆ ಯಾರು ಹೇಳಿದರು? ಒಂದು ಫೋಟೋಕ್ಕೆ ಎರಡು ಬಾರಿ ತೆತ್ತ ಹಣ ಕಂಪನಿಗೆ ಹೋಯಿತು, ಫೋಟೋ ತೆಗೆದವನಿಗಲ್ಲ. ಕೊಡುವ ಮನಸ್ಸಿದ್ದವರು ಅವನ ಕೈಯಲ್ಲೇ ಇಡಲಿ. ಲೆಕ್ಕ ಕೇಳುವಾಗ ದನಿ ಎತ್ತಬೇಕಾಗಿಯೂ ಇಲ್ಲ. ಕಾಕಾ ಆ ಹುಡುಗಿಗೆ “ಅವ್ವಾ” ಎಂದೇ ಮಾತಾಡಿದರು. ಆಕೆಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಆ ದನಿ ಅರ್ಥವಾಯಿತು.

ಮೂರನೆಯದು ನಮ್ಮಂಥ ಹೊರನಾಡಿಗರದು, ಮತ್ತು ಅದೇ ನಮ್ಮನ್ನು ಹೆಚ್ಚು ಕಾಡುತ್ತದೆ: ನಮ್ಮ ಊರಲ್ಲದ ಊರಿನಲ್ಲಿ ತಕರಾರು ಏಕೆ? ಮೂವತ್ತು, ನಲವತ್ತು ವರ್ಷಗಳಿಂದ ಇಲ್ಲಿ ತೆರಿಗೆ ಕಟ್ಟಿ, ಮಕ್ಕಳನ್ನು ಓದಿಸಿ, ಮನೆ ಮಾಡಿಕೊಂಡವರೂ ಈ ಮಾತನ್ನಾಡುತ್ತಾರೆ. ಕನ್ನಡದವರು ಸೌಮ್ಯರೆಂಬ ಹೆಸರನ್ನು ಕಾಯುವುದಕ್ಕಾಗಿ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ಆದರೆ ನಾವು ಬಂದು ನೆಲೆಸಿದ ಊರು ಯಾವುದು? ಬಿಂದುಮಾಧವ ಜೋಶಿಯವರು 1974ರಲ್ಲಿ ಗ್ರಾಹಕ ಪಂಚಾಯತಿಯನ್ನು ಕಟ್ಟಿದ್ದು ಇದೇ ಪುಣೆಯಲ್ಲಿ. ಸಂಸತ್ತು ಗ್ರಾಹಕ ಸಂರಕ್ಷಣಾ ಕಾಯಿದೆಯನ್ನು ತಂದ 1986ಕ್ಕೆ ಹನ್ನೆರಡು ವರ್ಷ ಮೊದಲೇ ಈ ಊರಿನವರು ತೂಕ, ಬೆಲೆ, ಚೀಟಿಗಳ ವಿಷಯದಲ್ಲಿ ಪ್ರಶ್ನೆ ಕೇಳಲು ಕಲಿತಿದ್ದರು. ಇಲ್ಲಿ ಲೆಕ್ಕ ಕೇಳುವವನು ಹೊರಗಿನವನಾಗಿ ಕಾಣುವುದಿಲ್ಲ.

ಕಾಯಿದೆಯೂ ನಮ್ಮ ಕಡೆಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಅದೇ ಕಾಯಿದೆಯಿಂದಾಗಿ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಹಡಗು ಮುಂಬಯಿಯದಾದರೂ ಪುಣೆಯವರು ಪುಣೆಯಲ್ಲೇ ಕೇಳಬಹುದು. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಹೋಟೆಲುಗಳು ಸೇವಾ ಶುಲ್ಕವನ್ನು ತಾವೇ ಬಿಲ್ಲಿಗೆ ಹಚ್ಚಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಅದು ನೆಲದ ಹೋಟೆಲುಗಳ ಮಾತು. ಆದರೂ ಭಕ್ಷೀಸು ಕೊಡುವವನ ಇಚ್ಛೆಗೆ ಸೇರಿದ್ದೆಂಬ ವಿವೇಕ ನೀರಿನ ಮೇಲೆ ಕರಗಿಹೋಗಬೇಕಿಲ್ಲ. 2023ರ ನವೆಂಬರ್ 30ರ ಮಾರ್ಗಸೂಚಿಗಳಲ್ಲಿ ಇದೇ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ಎಂಬ ಹದಿಮೂರು ಬಗೆಯ ವಂಚನೆಗಳನ್ನು ಪಟ್ಟಿಮಾಡಿದೆ. ಕೇಳದ ವಸ್ತುವನ್ನು ಗಿರಾಕಿಯ ಬುಟ್ಟಿಗೆ ಸೇರಿಸುವುದು ಅದರಲ್ಲೊಂದು. ಗಿರಾಕಿಯನ್ನು ನಾಚಿಸಿ ಒಪ್ಪಿಸುವುದು ಇನ್ನೊಂದು. ನಮ್ಮ ನಾಚಿಕೆಗೆ ಮಾರುಕಟ್ಟೆಯಲ್ಲಿ ಬೆಲೆಯಿದೆಯೆಂಬುದನ್ನು ಸರಕಾರವೇ ಕಂಡುಕೊಂಡಿರುವಾಗ ನಾವು ಅದನ್ನು ಸಂಸ್ಕಾರವೆಂದು ಬಗೆದು ಕುಳಿತಿದ್ದೇವೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಭಾಷೆಗಳಲ್ಲಿ ಕನ್ನಡವೂ ಇದೆ. ಶಿವಾಜಿನಗರದಲ್ಲಿ ಕುಳಿತು ಕನ್ನಡದಲ್ಲೇ ದೂರು ಹೇಳಬಹುದು. ಕನ್ನಡಕ್ಕೆ ಹೊರನಾಡಿನಲ್ಲಿ ಜಾಗವಿಲ್ಲವೆಂದು ಕೊರಗುವ ನಾವು ಇರುವ ಜಾಗವನ್ನಾದರೂ ಬಳಸೋಣ.

ಆದರೂ ದೂರಿನ ದಾರಿಯನ್ನು ಕೊನೆಗಿಟ್ಟುಕೊಳ್ಳುವುದೇ ಒಳಿತು. ಹಡಗನ್ನು ಇಳಿದ ಮೇಲೆ ನ್ಯಾಯ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಅಮೆರಿಕದ ಮೊಕದ್ದಮೆಯೊಂದು ಸಾಕ್ಷಿ. ಕಾರ್ನಿವಲ್ ಕಂಪನಿಯ ಹಡಗಿನಲ್ಲಿ ಜಾರಿ ಬಿದ್ದು ಗಾಯಗೊಂಡ ಮಹಿಳೆಯೂ ಆಕೆಯ ಪತಿಯೂ ತಮ್ಮ ರಾಜ್ಯವಾದ ವಾಷಿಂಗ್ಟನ್ನಿನಲ್ಲಿ ದಾವೆ ಹೂಡಿದರು. ದಾವೆಗಳೆಲ್ಲ ದೇಶದ ಇನ್ನೊಂದು ತುದಿಯ ಫ್ಲಾರಿಡಾದಲ್ಲಿಯೇ ನಡೆಯಬೇಕೆಂದು ಟಿಕೆಟ್ಟಿನಲ್ಲಿ ಅಚ್ಚಾಗಿತ್ತು. 1991ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ಷರತ್ತನ್ನೇ ಎತ್ತಿಹಿಡಿಯಿತು. ಮೈಗೆ ಗಾಯವಾದವರ ಪಾಡೇ ಹೀಗಾದರೆ, ಒಂದು ಫೋಟೋದ ಹಣಕ್ಕಾಗಿ ವಿದೇಶಿ ಹಡಗಿನ ಹಿಂದೆ ಹೋಗುವವರು ಯಾರು? ಆದುದರಿಂದ ಹಡಗಿನಲ್ಲಿರುವಾಗಲೇ ನೋಡಬೇಕು. ಸಹಿ ಹಾಕುವ ಮುನ್ನ ಚೀಟಿಯ ಮೇಲಿನ ಕೋಣೆಯ ಸಂಖ್ಯೆಯನ್ನು ಓದಬೇಕು, ಖಾಲಿ ಗೆರೆಗೆ ಅಡ್ಡಗೆರೆ ಎಳೆಯಬೇಕು, ಪ್ರತಿಯನ್ನು ಒಂದು ಲಕೋಟೆಯಲ್ಲಿ ಇಡಬೇಕು. ದಿನಕ್ಕೊಮ್ಮೆ ಕೋಣೆಯ ಟಿವಿಯಲ್ಲೋ, ಆ್ಯಪಿನಲ್ಲೋ, ಕೌಂಟರಿನಲ್ಲೋ ಖಾತೆಯನ್ನು ಕಾಣಬೇಕು. ಮುಖ್ಯವಾಗಿ, ಇಳಿಯುವ ಬೆಳಿಗ್ಗೆಗೆ ಕಾಯದೆ ಹಿಂದಿನ ಮಧ್ಯಾಹ್ನವೇ, ಸಾಲು ಬೆಳೆಯುವ ಮುನ್ನ, ಪೂರ್ಣ ಲೆಕ್ಕವನ್ನು ಕೇಳಿ ಪಡೆಯಬೇಕು. ತಿದ್ದಿದ ಬಿಲ್ಲಿನ ಪ್ರತಿಯಿಲ್ಲದೆ ಇಳಿಯಬಾರದು. ಮನೆಗೆ ಬಂದ ಮೇಲೆ ಬ್ಯಾಂಕಿನ ಹೇಳಿಕೆಯೊಂದಿಗೆ ಅದನ್ನು ತಾಳೆ ನೋಡಬೇಕು.

ಈಗ ನಾಲ್ಕನೆಯ ಕುಟುಂಬದ ಮಾತು. ಅವರ ಬಿಲ್ಲಿನಲ್ಲಿಯೂ ತಪ್ಪಿತ್ತು, ಆದರೆ ಅದು ಅವರಿಗೆ ಲಾಭದ ತಪ್ಪು. ಒಂದು ರಾತ್ರಿ ಹಣ ಕೊಟ್ಟು ಉಣ್ಣುವ ಊಟದ ಮನೆಯಲ್ಲಿ ನಾಲ್ವರು ಉಂಡಿದ್ದರು. ಅದು ಖಾತೆಗೆ ಏರಿರಲೇ ಇಲ್ಲ. ಅವರು ಅದನ್ನು ಅದೃಷ್ಟವೆಂದರು. ನಾವೂ ನಕ್ಕು ಅಭಿನಂದಿಸಿದೆವು. ಈ ಲೇಖನವನ್ನು ಬರೆಯತೊಡಗಿದಾಗಲೇ ಅದು ನಮ್ಮನ್ನು ಚುಚ್ಚಿದ್ದು. ಆ ನಾಲ್ವರ ಊಟ ಇನ್ನಾವುದೋ ಕೋಣೆಯ ಬಿಲ್ಲಿನಲ್ಲಿ ಕುಳಿತಿರಬಹುದು. ಅಲ್ಲಿಯೂ ನಮ್ಮ ಅಧ್ಯಾಪಕರಂಥ ಸಂಕೋಚದ ದಂಪತಿಗಳು ಸುಮ್ಮನೆ ಹಣ ಕೊಟ್ಟಿರಬಹುದು. 7083ರವರು ವಿಸ್ಕಿಯ ಹಣ ತಮಗೆ ಬೀಳಲಿಲ್ಲವೆಂದು ಖುಷಿಪಟ್ಟಂತೆಯೇ ಇದೂ ಆಯಿತು. ಹೆಚ್ಚಾದುದನ್ನು ಮಾತ್ರ ಎತ್ತಿ ತೋರಿಸಿ ಕಡಿಮೆಯಾದುದನ್ನು ಜೇಬಿಗಿಳಿಸುವವನು ಲೆಕ್ಕ ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಜಿಪುಣತನದ ಆರೋಪಕ್ಕೆ ನಮ್ಮಲ್ಲಿರುವ ಒಂದೇ ನಿಜವಾದ ಉತ್ತರ ಇದು: ನಾವು ಕೇಳುವುದು ರಿಯಾಯಿತಿಯನ್ನಲ್ಲ, ಸರಿಯಾದ ಲೆಕ್ಕವನ್ನು; ಅದು ಯಾವ ಕಡೆಗೆ ವಾಲಿದರೂ ಸರಿ.

ಮುಂದಿನ ಚಳಿಗಾಲಕ್ಕೆ ಮತ್ತೊಂದು ಪ್ರವಾಸದ ಮಾತು ನಡೆದಿದೆ. ಯಾರು ಬರುತ್ತಾರೆ, ಎಲ್ಲಿಗೆ ಎಂಬುದು ಇನ್ನೂ ನಿಶ್ಚಯವಾಗಿಲ್ಲ. ನಿಶ್ಚಯವಾದದ್ದು ಒಂದೇ: ಕೌಂಟರಿನ ಸಾಲಿನಲ್ಲಿ ಕಾಕಾ ಈ ಬಾರಿ ಒಬ್ಬರೇ ನಿಲ್ಲುವುದಿಲ್ಲ. ಪ್ರಬಂಧ ಬರೆದ ಗೆಳೆಯರು ಬಿಲ್ಲಿನ ಭಾಗವನ್ನು ಸೇರಿಸಿ ಮತ್ತೆ ಓದುವುದಾಗಿ ಮಾತು ಕೊಟ್ಟಿದ್ದಾರೆ. ಅದರಲ್ಲಿ ನಾಲ್ವರ ಊಟವೂ ಇರಬೇಕೆಂದು ನಾವು ಹೇಳಿದ್ದೇವೆ.