ಮಡು ಅನ್ನೋ ಪದ ಮರೆತ್ರೆ ಜೀವಕ್ಕೇ ಕುತ್ತು

ಮಳೆಗಾಲ ಶುರುವಾಯ್ತು ಅಂದ್ರೆ ಚಿಲಮತ್ತೂರು, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ನಮ್ಮ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: ಈ ಭಾನುವಾರ ಯಾವ ಫಾಲ್ಸು? ಕೊಡಿಕೊಂಡದಲ್ಲಿ ಹೈವೇ ಹತ್ತಿ ಬೆಂಗಳೂರು ದಾಟಿದ್ರೆ ಮೇಕೆದಾಟು, ಇಲ್ಲಾಂದ್ರೆ ತಮಿಳುನಾಡಿನ ಹೊಗೆನಕಲ್. ಈ ಕಡೆ ತಿರುಗಿದ್ರೆ ಕಡಪ ಜಿಲ್ಲೆಯ ಗಂಡಿಕೋಟ. ಹೋಗಿ ಗೆಳೆಯರೇ, ಬೇಡ ಅನ್ನೋಕೆ ನಾವ್ಯಾರು? ವರ್ಷವೆಲ್ಲಾ ಒಣ ನೆಲ ನೋಡೋ ಕಣ್ಣಿಗೆ ಹರಿಯೋ ನೀರು ಕಾಣಬೇಕು ಅನ್ಸೋದು ಸಹಜ.

ಆದ್ರೆ ಹೋಗೋ ಮುಂಚೆ ಒಂದು ಮಾತು ಕೇಳಿ.

ರೀಲ್ಸ್‌ನಲ್ಲಿ ಬಂಡೆಗಳ ನಡುವೆ ಹಸಿರು ನೀರು ತೋರಿಸಿ, ಹಿಂದೊಂದು ಹಾಡು ಹಾಕಿ, 'ನ್ಯಾಚುರಲ್ ಸ್ವಿಮ್ಮಿಂಗ್ ಪೂಲ್' ಅಂತ ಹೆಸರಿಡ್ತಾರೆ. ಅದಕ್ಕೆ ಕನ್ನಡದಲ್ಲಿ ಹಳೇ ಹೆಸರಿದೆ: ಮಡು. ಮನೇಲಿ ಅಜ್ಜಿ ಇದ್ರೆ ಹೋಗಿ ಕೇಳಿ, ಮಡು ಅಂದ್ರೆ ಏನು ಅಂತ. ಆಳ, ಸುಳಿ, ಮೊಸಳೆ, 'ಇಳೀಬ್ಯಾಡ ಮಗಾ', ಇಷ್ಟೂ ಒಂದೇ ಉಸಿರಲ್ಲಿ ಬರುತ್ತೆ. 'ಪೂಲ್' ಅಂದ್ರೆ ಅಳತೆ ಇರುತ್ತೆ, ಮೆಟ್ಟಿಲಿರುತ್ತೆ, ಬದಿಯಲ್ಲಿ ಕಾಯೋನು ಇರ್ತಾನೆ. ಮಡುವಿಗೆ ಇದ್ಯಾವುದೂ ಇಲ್ಲ. ಹೆಸರು ಬದಲಾಯಿಸಿದ್ರು, ಹೆಸರಿನ ಜೊತೆ ಎಚ್ಚರಿಕೆನೂ ಹೋಯ್ತು.

ನಮ್ಮ ಹಿರಿಯರು ಜಾಗಕ್ಕೆ ಸುಮ್ನೆ ಹೆಸರಿಡಲಿಲ್ಲ. ಮೇಕೆದಾಟು ಅಂದ್ರೆ ಮೇಕೆ ದಾಟಿದ ಜಾಗ, ಮನುಷ್ಯ ದಾಟೋ ಜಾಗ ಅಂತ ಎಲ್ಲೂ ಹೇಳಿಲ್ಲ. ಅಷ್ಟು ದೊಡ್ಡ ಕಾವೇರಿ ಅಲ್ಲಿ ಕಲ್ಲಿನ ಕೊರಕಲಲ್ಲಿ ನುಗ್ಗಿ ಹೋಗುತ್ತೆ. ಮೇಲೆ ಅಗಲ ಕಡಿಮೆ ಆದ್ರೆ ಕೆಳಗೆ ಆಳ, ರಭಸ ಎರಡೂ ಜಾಸ್ತಿ ಅಂತ ಅರ್ಥ. ಅದೇ ನದಿ ಮುಂದೆ ಹೊಗೆನಕಲ್‌ಗೆ ಹೋಗಿ ಬೀಳುತ್ತೆ. ಕಲ್ಲಿನಿಂದ ಹೊಗೆ ಎದ್ದಂಗೆ ಕಾಣೋ ಹಾಗೆ ನೀರು ಅಪ್ಪಳಿಸೋ ಜಾಗ. ಧರ್ಮಪುರಿ ಜಿಲ್ಲೆಯಲ್ಲಿದ್ರೂ ಆ ಹೆಸರು ಅಪ್ಪಟ ಕನ್ನಡ. ಕೊಲ್ಲೂರು ಬಳಿಯ ಅರಶಿನಗುಂಡಿ ನೋಡಿ, ಹೆಸರಲ್ಲೇ ಗುಂಡಿ ಇದೆ. 2023ರ ಜುಲೈನಲ್ಲಿ ಅಲ್ಲಿ ಬಂಡೆ ಮೇಲೆ ನಿಂತು ವಿಡಿಯೋ ಮಾಡಿಸಿಕೊಳ್ತಿದ್ದ ಭದ್ರಾವತಿಯ ಯುವಕ ಕಾಲು ಜಾರಿ ನೀರುಪಾಲಾದ. ಆ ವಿಡಿಯೋ ನಾವೆಲ್ಲಾ ನೋಡಿದ್ವಿ, ಅಯ್ಯೋ ಅಂದ್ವಿ, ಮುಂದಿನ ರೀಲ್‌ಗೆ ಸರಿಸಿದ್ವಿ.

ಈಗ ನಮ್ಮ ಸೀಮೆಯ ವಿಷಯಕ್ಕೆ ಬರೋಣ. ಅನಂತಪುರ ಸೀಮೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳೋ ಜಾಗಗಳಲ್ಲಿ ಒಂದು. ಚಿತ್ರಾವತಿ, ಪೆನ್ನೆ ಎರಡೂ ನಮಗೆ ವರ್ಷದ ಬಹುಪಾಲು ಮರಳು. ಹಿಂದೆ ಹುಡುಗರು ತೋಟದ ಬಾವೀಲಿ ಈಜು ಕಲೀತಿದ್ರು, ಬೋರ್‌ವೆಲ್ ಬಂದ ಮೇಲೆ ಬಾವಿಗಳೂ ಬತ್ತಿದ್ವು. ಈಜು ಬಂದ್ರೂ ಅದು ನಿಂತ ನೀರಿನ ಈಜು. ಹರಿಯೋ ನೀರಿನ ಸೆಳೆತ ನಮ್ಮ ಕಾಲಿಗೆ ಗೊತ್ತೇ ಇಲ್ಲ. ಹಿಂದೂಪುರದಲ್ಲಿ ಮರಳಾಗಿ ಕಾಣೋ ಅದೇ ಪೆನ್ನೆ ಗಂಡಿಕೋಟದ ಕಣಿವೆಯಲ್ಲಿ ಮೈಲವರಂ ಜಲಾಶಯದ ಹಿನ್ನೀರಾಗಿ ಆಳ ನಿಂತಿರುತ್ತೆ. ನಮ್ಮೂರ ಹೊಳೆ ತಾನೇ ಅಂತ ಇಳಿದ್ರೆ ಅದು ಗುರುತು ಹಿಡಿಯಲ್ಲ.

ಕಾವೇರಿ ಕಥೆ ಇನ್ನೂ ಮೋಸದ್ದು. ನೀವು ನಿಂತ ಜಾಗದಲ್ಲಿ ಬಿಸಿಲಿರುತ್ತೆ, ನೀರು ಮೊಣಕಾಲಷ್ಟೇ ಇರುತ್ತೆ. ಮೇಲೆ ಕೊಡಗು, ವಯನಾಡಲ್ಲಿ ಮಳೆಯಾಗಿ ಕೆಆರ್‌ಎಸ್, ಕಬಿನಿ ಗೇಟು ಎತ್ತಿರ್ತಾರೆ. ಆ ನೀರು ಅಷ್ಟು ದೂರ ಹರಿದು ಬಂದು ಹೊಗೆನಕಲ್‌ನಲ್ಲಿ ಏರೋವಾಗ ಅಲ್ಲಿ ಒಂದು ಹನಿ ಮಳೆನೂ ಬಿದ್ದಿರಲ್ಲ. ಒಳಹರಿವು ಏರಿದಾಗ ಅಲ್ಲಿನ ಜಿಲ್ಲಾಡಳಿತ ತೆಪ್ಪ ನಿಲ್ಲಿಸೋದು, ಸ್ನಾನ ನಿಷೇಧಿಸೋದು ಇದಕ್ಕೇ. ಜೊತೆಗೆ ಬಂಡೆ ಮೇಲಿನ ಪಾಚಿ. ನೀರಿನ ಜೊತೆ ಗಿರಗಿರ ತಿರುಗಿದ ಕಲ್ಲುಗಳು ಬಂಡೆ ಕೊರೆದು ಮಾಡಿದ ಗುಂಡಿಗಳು ಮೇಲಿಂದ ಕಾಣಲ್ಲ. ಕಾಲು ಸಿಕ್ಕಿಕೊಂಡ್ರೆ ಈಜುಗಾರನೂ ಒಂದೇ, ಈಜು ಬಾರದವನೂ ಒಂದೇ.

ಇದನ್ನೆಲ್ಲಾ ಬರೋ ಜನಕ್ಕೆ ಹೇಳೋದು ಯಾರು? ಒಂದು ಬೋರ್ಡು. ಆ ಬೋರ್ಡು ಯಾವ ಭಾಷೇಲಿರಬೇಕು?

ಕೆಲವರು ಹೇಳ್ತಾರೆ, 'ಇಂಗ್ಲಿಷ್ ಇದ್ರೆ ಸಾಕು, ಎಲ್ರಿಗೂ ಬರುತ್ತೆ'. ಬರುತ್ತಾ? 'ಸ್ಟ್ರಾಂಗ್ ಕರೆಂಟ್' ಅಂತ ಬರೆದು ನಮ್ಮ ಹಳ್ಳಿ ಹುಡುಗನಿಗೆ ತೋರಿಸಿ. ನಮ್ಮಲ್ಲಿ ಕರೆಂಟ್ ಅಂದ್ರೆ ಕಂಬದಲ್ಲಿರೋದು! ಅವನು ತಂತಿ ಹುಡುಕ್ತಾನೆ, ಕಾಣದೆ ನೀರಿಗೆ ಇಳೀತಾನೆ. 'ಇಲ್ಲಿ ಸೆಳೆತ ಇದೆ, ಸುಳಿ ಇದೆ, ಇಳಿದವರು ವಾಪಸ್ ಬಂದಿಲ್ಲ' ಅಂತ ಬರೀರಿ. ಅದು ತಲೆಗೆ ಹೋಗೋ ಮುಂಚೆ ಎದೆಗೆ ಹೋಗುತ್ತೆ.

ಇನ್ನು ಕೆಲವರು, 'ಕುಡಿದು ಇಳೀತಾರೆ, ಸಾಯ್ತಾರೆ, ಬೋರ್ಡ್ ಏನು ಮಾಡುತ್ತೆ' ಅಂತಾರೆ. ಕುಡಿದು ಇಳಿಯೋರು ಇದ್ದಾರೆ, ಸುಳ್ಳಲ್ಲ, ಅವರಿಗೆ ಬೈಯೋಣ. ಆದ್ರೆ 2024ರ ಜೂನ್‌ನಲ್ಲಿ ಲೋಣಾವಳದ ಭೂಶಿ ಡ್ಯಾಮ್ ಹತ್ರ ಕೊಚ್ಚಿಹೋದವರು ಒಬ್ಬ ಹೆಣ್ಣುಮಗಳು, ನಾಲ್ಕು ಮಕ್ಕಳು. ಅವರೇನು ಕುಡಿದಿದ್ರಾ? ನೀರು ಏರೋ ಪರಿ ಗೊತ್ತಿಲ್ದೇ ಇದ್ರೆ ಸಂಸಾರಸ್ಥರೂ ಸಾಯ್ತಾರೆ.

ಕಾವೇರಿ ನೀರಿನ ಲೆಕ್ಕ ನಮ್ಮ ದೇಶಕ್ಕೆ ಚೆನ್ನಾಗೇ ಬರುತ್ತೆ. 2018ರಲ್ಲಿ ಸುಪ್ರೀಂ ಕೋರ್ಟು ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಅಂತ ಕಾಲು ಟಿಎಂಸಿನೂ ಬಿಡದೆ ಲೆಕ್ಕ ಹೇಳಿತು. 2008ರಲ್ಲಿ ಹೊಗೆನಕಲ್ ಕುಡಿಯೋ ನೀರಿನ ಯೋಜನೆಗೆ ಎರಡೂ ರಾಜ್ಯಗಳಲ್ಲಿ ಬೀದಿ ಹೋರಾಟ ಆಯ್ತು, ಸಿನಿಮಾದವರೂ ಬೀದಿಗೆ ಬಂದ್ರು. ನೀರು ಯಾರದ್ದು ಅಂತ ಅಷ್ಟು ಗಂಟಲು ಹರ್ಕೊಂಡವರಲ್ಲಿ, ಆ ನೀರಲ್ಲಿ ಮುಳುಗೋನು ಯಾವ ಭಾಷೆಯೋನು ಅಂತ ಕೇಳಿದೋರು ಎಷ್ಟು ಜನ?

ನಮ್ಮ ಬೇಡಿಕೆ ಚಿಕ್ಕದು. ಗಡಿಯ ಪ್ರತಿ ಜಲಪಾತ, ಪ್ರತಿ ಮಡುವಿನ ಹತ್ರ ಎಚ್ಚರಿಕೆ ಫಲಕ ಬರೋ ಜನರ ಭಾಷೆಗಳಲ್ಲಿ ಇರಬೇಕು. ಹೊಗೆನಕಲ್‌ನಲ್ಲಿ ತಮಿಳಿನ ಜೊತೆ ಕನ್ನಡ, ತೆಲುಗು. ಗಂಡಿಕೋಟದಲ್ಲಿ ತೆಲುಗಿನ ಜೊತೆ ಕನ್ನಡ. ಇದೇ ಉಸಿರಲ್ಲಿ ಕರ್ನಾಟಕ ಸರ್ಕಾರಕ್ಕೂ ಕೇಳ್ತೀವಿ: ಮೇಕೆದಾಟುವಿನಲ್ಲಿ ಕನ್ನಡದ ಜೊತೆ ತಮಿಳು, ತೆಲುಗು. ನಾವು ಕೇಳೋ ನ್ಯಾಯ ನಾವೂ ಕೊಡಬೇಕು. ಭಾಷಾ ಅಲ್ಪಸಂಖ್ಯಾತರಿರೋ ಪ್ರದೇಶದಲ್ಲಿ ಮುಖ್ಯ ಸರ್ಕಾರಿ ಪ್ರಕಟಣೆಗಳು ಅವರ ಭಾಷೇಲಿ ಬರಬೇಕು ಅನ್ನೋದು 1956ರ ಕೇಂದ್ರ ಸರ್ಕಾರದ ಮೆಮೊರಾಂಡಮ್‌ನಲ್ಲೇ ಇದೆ. ಅದು ನೆಲೆಸಿರೋರ ಲೆಕ್ಕ ಅನ್ನಬಹುದು. ಸಾವಿಗೆ ನೆಲೆಸಿದೋನು, ಬಂದುಹೋಗೋನು ಅನ್ನೋ ಲೆಕ್ಕ ಇದ್ಯಾ?

ಇದು ಭಾಷಾಭಿಮಾನದ ಬಾವುಟ ಏರಿಸೋ ಕೆಲಸ ಅಂತ ಯಾರಾದ್ರೂ ಅಂದ್ರೆ ನಗಬೇಡಿ, ತಿಳಿಸಿ ಹೇಳಿ. ಕನ್ನಡ, ತೆಲುಗು ಲಿಪಿ ಎರಡೂ ಒಂದೇ ಬೇರಿನವು. ತೆಲುಗು ಮೀಡಿಯಂನಲ್ಲಿ ಓದಿದ ನಮ್ಮ ಚಿಲಮತ್ತೂರಿನ ಹುಡುಗ ಕನ್ನಡ ಅಕ್ಷರನೂ ಕೂಡಿಸಿ ಓದ್ತಾನೆ. ಒಂದು ಬೋರ್ಡಿನ ಖರ್ಚು, ಎರಡು ಸೀಮೆ ಜನರ ಜೀವ.

ಈಗ ನಿಮ್ಮ ಕೆಲಸ. ಮುಂದಿನ ಸಲ ಹೋದಾಗ ಸೆಲ್ಫಿ ಜೊತೆ ಬೋರ್ಡಿನ ಫೋಟೋನೂ ತೆಗೀರಿ. ನಮ್ಮ ಭಾಷೆ ಇಲ್ಲಾಂದ್ರೆ ಆ ಜಿಲ್ಲೆಯ ಕಲೆಕ್ಟರಿಗೆ, ಪ್ರವಾಸೋದ್ಯಮ ಇಲಾಖೆಗೆ ಫೋಟೋ ಸಮೇತ ಅರ್ಜಿ ಹಾಕಿ. ಒಬ್ಬರು ಬರೆದ್ರೆ ಕಸದ ಬುಟ್ಟಿ, ತಾಲ್ಲೂಕಿಗೆ ನೂರು ಜನ ಬರೆದ್ರೆ ಫೈಲು. ಹೊರಡೋ ಮುಂಚೆ ಒಳಹರಿವು ಎಷ್ಟಿದೆ ನೋಡ್ಕೊಳ್ಳಿ. ಅಲ್ಲಿ ಮುಟ್ಟಿದ ಮೇಲೆ ತೆಪ್ಪದ ಅಣ್ಣನ ಮಾತು ಕೇಳಿ, ಅವನು ಬೇಡ ಅಂದ ಕಡೆ ಇಳೀಬೇಡಿ. ಗುಂಪಲ್ಲಿ ಯಾರಾದ್ರೂ 'ನ್ಯಾಚುರಲ್ ಪೂಲ್' ಅಂತ ರೀಲ್ ಕಳಿಸಿದ್ರೆ ಕೆಳಗೆ ಎರಡಕ್ಷರ ಬರೀರಿ: ಮಡು.

ಓದಿದ ಮೇಲೆ ಟ್ರಿಪ್ ಗುಂಪಿಗೆ ಶೇರ್ ಮಾಡಿ. ಭಾನುವಾರಕ್ಕೆ ಮುಂಚೆನೇ ಮಾಡಿ.